ಫೋಟೋ ನೋಡಿ ಬರೆದ ಚಿತ್ರ ಯಾರದು?

“ಥೇಟ್ ಫೋಟೋ ಇದ್ದ ಹಾಗೇ ಇದೆ!” ನಮ್ಮ ಸಂಘಗಳ ಚಿತ್ರಕಲಾ ಪ್ರದರ್ಶನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಹೊಗಳಿಕೆ ಇದೇ. ರಾಜ್ಯೋತ್ಸವ ಬಂತೆಂದರೆ ಸಭಾಭವನದ ಗೋಡೆಗುಂಟ ಹಗ್ಗ ಕಟ್ಟಿ, ಮಕ್ಕಳದೂ ದೊಡ್ಡವರದೂ ಚಿತ್ರಗಳನ್ನು ತೂಗುಹಾಕುವುದು ವಾಡಿಕೆ. ಬೇಂದ್ರೆ, ಕುವೆಂಪು, ವಿಶ್ವೇಶ್ವರಯ್ಯ, ವಿವೇಕಾನಂದ. ನಡುವೆ ಒಂದು ಹಂಪೆಯ ಕಲ್ಲಿನ ರಥ, ಒಂದು ಜೋಗ. ನೋಡುವವರು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಆ ಮಾತನ್ನು ಹೇಳಿ ಮುಂದಿನ ಚಿತ್ರಕ್ಕೆ ಸರಿಯುತ್ತಾರೆ. ಬರೆದವರಿಗೂ ಸಂತೋಷ, ತಂದೆತಾಯಿಗಳಿಗೂ ಸಂತೋಷ. ಚಿತ್ರ ಫೋಟೋ ಇದ್ದ ಹಾಗೆ ಇರುವುದಕ್ಕೆ ಕಾರಣ, ಅದನ್ನು ಫೋಟೋ ನೋಡಿಯೇ ಬರೆದದ್ದು ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಆ ಫೋಟೋ ಯಾರದು, ಬರೆದವರು ಅದಕ್ಕೆ ತಮ್ಮ ಕಡೆಯಿಂದ ಏನು ಸೇರಿಸಿದರು ಎಂದು ಕೇಳುವವರಿಲ್ಲ. ಕೇಳಿದರೆ ಮುಖಗಳು ಸಪ್ಪಗಾಗುತ್ತವೆ. ಸಪ್ಪಗಾದರೂ ಚಿಂತೆಯಿಲ್ಲ, ಒಮ್ಮೆ ಕೇಳಿಯೇಬಿಡೋಣ ಎಂಬುದು ಈ ಲೇಖನದ ಉದ್ದೇಶ.

ಪುಣೆಯ ಕಡೆಯ ನಮ್ಮವರಿಗೆ ಹತ್ತಿರದ ಉದಾಹರಣೆಯೆಂದರೆ ಭೋರ್. ಸಾತಾರಾ ಹೆದ್ದಾರಿಯಲ್ಲಿ ಕಾಪೂರಹೋಳದ ಬಳಿ ಬಲಕ್ಕೆ ತಿರುಗಿದರೆ ಸಿಗುವ ಊರು. ಪುಣೆಯಿಂದ ಸುಮಾರು 50 ಕಿಲೋಮೀಟರು. ಪಂತ ಸಚಿವರ ಪುಟ್ಟ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನಮ್ಮವರು ಹೆಚ್ಚು ಬಲ್ಲ ಜತ್ತ, ಅಕ್ಕಲಕೋಟೆಗಳ ಜೊತೆಗೆ ಒಂದೇ ಸಾಲಿನಲ್ಲಿ ಎಣಿಸುತ್ತಿದ್ದ ಜಹಗೀರು ಅದು. ನೀರಾ ನದಿಯ ದಂಡೆಯ ಈ ಊರಿನಲ್ಲಿ ಹಳೆಯ ರಾಜವಾಡೆ ಇದೆ. ಸಿನಿಮಾದವರಿಗೂ ಅದು ಅಚ್ಚುಮೆಚ್ಚು. ಊರಿಗೆ ಹೋಗುವ ದಾರಿಯಲ್ಲಿ, ನೀರಾ ನದಿ ಕೊರಳ ಹಾರದಂತೆ ಬಾಗಿ ಹರಿಯುವ ಒಂದು ತಿರುವಿದೆ. ಜನ ಅದನ್ನು ‘ನೆಕ್ಲೇಸ್ ಪಾಯಿಂಟ್’ ಎಂದೇ ಕರೆಯುತ್ತಾರೆ. ಮಳೆಗಾಲದ ಭಾನುವಾರಗಳಂದು ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯದೆ ಮುಂದೆ ಹೋದ ಪುಣೆಯ ಕುಟುಂಬ ಬಹುಶಃ ಇರಲಾರದು.

ರಾಜವಾಡೆ ಮತ್ತು ನೀರೆಯ ಬಾಗು, ಇವೆರಡೂ ಹವ್ಯಾಸಿ ಚಿತ್ರಕಾರರಿಗೆ ಈಗ ಸಿದ್ಧವಸ್ತುಗಳಾಗಿವೆ. ಮನೆಯಲ್ಲೇ ಕುಳಿತು, ಮೊಬೈಲಿನಲ್ಲಿ ಯಾರೋ ತೆಗೆದ ಫೋಟೋ ಹುಡುಕಿ, ಚೌಕುಳಿ ಗೆರೆ ಎಳೆದು ಕಾಗದಕ್ಕೆ ಇಳಿಸಿ ಬಣ್ಣ ತುಂಬಿದರೆ ಚಿತ್ರ ಮುಗಿಯಿತು. ಇಂಥ ಚಿತ್ರವನ್ನು ಗುರುತಿಸಲು ಪಂಡಿತನೇ ಆಗಬೇಕಿಲ್ಲ. ಮೊಬೈಲಿನ ಅಗಲದ ಲೆನ್ಸನ್ನು ಮೇಲಕ್ಕೆತ್ತಿ ಹಿಡಿದಾಗ ಕಟ್ಟಡದ ಕಂಬಗಳು ಮೇಲೆ ಹೋಗುತ್ತ ಒಂದರ ಕಡೆಗೊಂದು ವಾಲಿದಂತೆ ಕಾಣುತ್ತವೆ. ಅದು ಲೆನ್ಸಿನ ಗುಣ, ಕಟ್ಟಡದ ಗುಣವಲ್ಲ. ವಾಡೆಯ ಮುಂದೆ ನಿಂತವನ ಕಣ್ಣು ಆ ವಾಲಿಕೆಯನ್ನು ತಾನಾಗಿಯೇ ತಿದ್ದಿಕೊಳ್ಳುತ್ತದೆ. ನಕಲು ಮಾಡಿದವರು ಮಾತ್ರ ಅದನ್ನೂ ಶ್ರದ್ಧೆಯಿಂದ ಬರೆಯುತ್ತಾರೆ. ನೆರಳುಗಳ ಗತಿಯೂ ಅಷ್ಟೆ. ಕಣ್ಣಿಗೆ ನೆರಳಿನೊಳಗೆ ಕಂದು, ನೀಲಿ, ಎದುರುಗೋಡೆಯ ಹೊಳಪು ಎಲ್ಲ ಕಾಣುತ್ತವೆ. ಕ್ಯಾಮರಾ ಬೆಳಕಿನ ಕಡೆಗೆ ಒಲಿದರೆ ನೆರಳು ಬರೀ ಕಪ್ಪು ಗುಂಡಿಯಾಗುತ್ತದೆ. ಆ ಕಪ್ಪು ಗುಂಡಿ ಜಲವರ್ಣದಲ್ಲೂ ಹಾಗೇ ಬಂದು ಕೂತಿತೆಂದರೆ, ಬರೆದವರು ಭೋರನ್ನು ನೋಡಿಲ್ಲ, ಭೋರಿನ ಫೋಟೋ ನೋಡಿದ್ದಾರೆ ಎಂದೇ ಅರ್ಥ.

ಇದು ಕಲೆಯ ದೃಷ್ಟಿಯ ಮಾತು. ಹಕ್ಕಿನ ಪ್ರಶ್ನೆ ಬೇರೆ. ಭೋರಿನ ಉದಾಹರಣೆಯಲ್ಲಿ ಅದು ಬಹಳ ಸ್ವಚ್ಛವಾಗಿ ಬಿಡಿಸಿಕೊಳ್ಳುತ್ತದೆ. ವಾಡೆಯೊಳಗೆ ಬಿಡುವುದು ಬಿಡದಿರುವುದು ಮನೆಯೊಡೆಯರಿಗೆ ಸೇರಿದ್ದು, ಅದರ ಮಾತು ಇಲ್ಲಿ ಬೇಡ. ಆದರೆ ಹೊರಗೆ ನಿಂತು ಅದರ ಚಿತ್ರ ಬರೆಯಲು, ಫೋಟೋ ತೆಗೆಯಲು ಕೃತಿಸ್ವಾಮ್ಯದ ಅಡ್ಡಿ ಯಾರಿಗೂ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ನಿನ್ನೆ ಮೊನ್ನೆ ಕಟ್ಟಿದ ವಾಸ್ತುಕೃತಿಯನ್ನೂ ಚಿತ್ರಿಸಲು ಬಿಡುತ್ತದೆ. ಹಳೆಯ ವಾಡೆಯ ಮಾತೇನು? ನದಿಯ ಬಾಗಂತೂ ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಅದೇ ಬಾಗಿನ ಮುಂದೆ ಒಬ್ಬ ಛಾಯಾಗ್ರಾಹಕ ಬೆಳಗಿನ ಜಾವ ಬಂದು, ಮಂಜು ಏಳುವ ತನಕ ಕಾದು, ಎಡಗಡೆಯ ಒಂದು ಮರವನ್ನು ಚೌಕಟ್ಟಿನೊಳಗೆ ತಂದುಕೊಂಡು ತೆಗೆದ ಫೋಟೋ ಅವನ ಕೃತಿ. ಕಾಯಿದೆ ಛಾಯಾಚಿತ್ರವನ್ನು ಚಿತ್ರಕಲೆ, ಶಿಲ್ಪಗಳ ಪಂಕ್ತಿಯಲ್ಲೇ ಕಲಾಕೃತಿಯೆಂದು ಕೂರಿಸಿದೆ. ಅದರಲ್ಲಿ ಕಲಾಗುಣ ಇದೆಯೋ ಇಲ್ಲವೋ ಎಂದು ಕೂಡ ಕೇಳುವುದಿಲ್ಲ. ನದಿ ಎಲ್ಲರದು, ಆ ಮಂಜು ಆ ಮರ ಆ ಗಳಿಗೆಗಳ ಜೋಡಣೆ ಅವನದು. ಅದನ್ನು ಹಾಗೆ ಹಾಗೇ ಬಣ್ಣದಲ್ಲಿ ಇಳಿಸಿ, ಕೆಳಗೆ ನಮ್ಮ ರುಜು ಹಾಕಿ ಮಾರಿದರೆ, ಕುಂಚ ನಮ್ಮದೆಂಬ ಕಾರಣಕ್ಕೆ ಚಿತ್ರ ಪೂರ್ತಿ ನಮ್ಮದಾಗದು.

‘ಭಾವ’ಕ್ಕೆ ಸ್ವಾಮ್ಯವಿಲ್ಲ, ಅದನ್ನು ಪ್ರಕಟಿಸಿದ ರೂಪಕ್ಕೆ ಇದೆ ಎಂಬ ಈ ಭೇದವನ್ನು ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಆ ಜಗಳ ಹೊರನಾಡಿನವರಾದ ನಮಗೆ ಸ್ವಾರಸ್ಯದ್ದು. ಆನಂದ್ ಅವರ ‘ಹಮ್ ಹಿಂದುಸ್ತಾನಿ’ ನಾಟಕದಲ್ಲಿ ದೆಹಲಿಯ ಅಕ್ಕಪಕ್ಕದ ಮನೆಗಳಲ್ಲಿರುವ ಒಂದು ಪಂಜಾಬಿ ಕುಟುಂಬ, ಒಂದು ಮದ್ರಾಸಿ ಕುಟುಂಬ, ಮಕ್ಕಳ ಪ್ರೇಮ, ಹಿರಿಯರ ಪ್ರಾಂತಾಭಿಮಾನ. 1956ರ ‘ನ್ಯೂ ದೆಹಲಿ’ ಚಲನಚಿತ್ರ ತಮ್ಮ ನಾಟಕದ ನಕಲು ಎಂದು ಅವರು ದಾವೆ ಹೂಡಿದರು, ಸೋತರು. ವಸ್ತು ಒಂದೇ ಆಗಿರಬಹುದು, ಬೆಳೆಸಿದ ರೀತಿ ಬೇರೆ ಎಂದಿತು ನ್ಯಾಯಾಲಯ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಇದು ಅದರದೇ ನಕಲು ಎಂದು ನಿಸ್ಸಂದೇಹವಾಗಿ ಅನಿಸುತ್ತದೆಯೆ, ಇದು ಅದು ಕೊಟ್ಟ ಒರೆಗಲ್ಲು. ಸರಳವಾದ ಒರೆಗಲ್ಲು, ಚಿತ್ರಕ್ಕೂ ಸಲ್ಲುತ್ತದೆ. ಫೋಟೋವನ್ನೂ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಮನೆಯ ಅಡಿಗೆಯವಳನ್ನು ಕರೆದು ತೋರಿಸಿ; ಆಕೆ ಏನೆನ್ನುತ್ತಾಳೋ ಅದೇ ತೀರ್ಪು.

ಹಾಗೆಂದು ಫೋಟೋ ನೋಡಿ ಬರೆಯುವುದೇ ಹೀನ ಎಂಬ ಮಡಿವಂತಿಕೆ ನನಗಿಲ್ಲ. ಕನ್ನಡ ನಾಡಿನ ಒಂದು ಬಹು ದೊಡ್ಡ ಚಿತ್ರಮಾಲಿಕೆ ಹುಟ್ಟಿದ್ದೇ ಛಾಯಾಚಿತ್ರಗಳಿಂದ. ಮೈಸೂರು ಅರಮನೆಯ ಕಲ್ಯಾಣಮಂಟಪವನ್ನು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ನಾವೆಲ್ಲರೂ ನೋಡಿದವರೇ. ತಲೆಯೆತ್ತಿ ನವಿಲಿನ ಬಣ್ಣದ ಗಾಜನ್ನು ನೋಡುವ ಭರದಲ್ಲಿ ಗೋಡೆಗಳನ್ನು ಅರ್ಧಂಬರ್ಧ ನೋಡಿ ಬಂದಿರುತ್ತೇವೆ. ಆ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. ಕೆ. ಕೇಶವಯ್ಯ, ವೈ. ನಾಗರಾಜು, ವೈ. ಸುಬ್ರಹ್ಮಣ್ಯರಾಜು ಮೊದಲಾದ ಆಸ್ಥಾನ ಕಲಾವಿದರು 1930-40ರ ದಶಕಗಳಲ್ಲಿ ಬರೆದವು. ನಡೆದ ಮೆರವಣಿಗೆಗಳ ಫೋಟೋಗಳನ್ನು ಆಧಾರವಾಗಿಟ್ಟುಕೊಂಡೇ ಬರೆದದ್ದು.

ಈಗ ನೋಡಿ, ಅವರು ಏನು ಮಾಡಿದರು ಎಂಬುದನ್ನು. ಕ್ಯಾಮರಾ ನಿಂತ ಜಾಗ ಒಂದು, ಅದಕ್ಕೆ ಸಿಕ್ಕಿದ ಕ್ಷಣ ಒಂದು. ಚಿತ್ರಕಾರರು ಆ ಬಿಡಿ ಕ್ಷಣಗಳನ್ನು ಎತ್ತಿಕೊಂಡು ಗೋಡೆಯಿಂದ ಗೋಡೆಗೆ ಸಾಗುವ ಒಂದು ಚಲನೆಯನ್ನು ಕಟ್ಟಿದರು. ನೋಡುವವನು ಹೆಜ್ಜೆ ಹಾಕುತ್ತ ಹೋದಂತೆ ಮೆರವಣಿಗೆಯೂ ಜೊತೆಗೆ ಹೆಜ್ಜೆ ಹಾಕುತ್ತದೆ. ಆ ಕಾಲದ ಫೋಟೋಗಳೆಂದರೆ ಬಹುಮಟ್ಟಿಗೆ ಕಪ್ಪು-ಬಿಳುಪು; ಆನೆಯ ಜೂಲಿನ ಕೆಂಪು, ಪೇಟಗಳ ಜರಿ, ಸಂಜೆಯ ಬಿಸಿಲಿನ ಬಣ್ಣ ಎಲ್ಲವನ್ನೂ ಅವರು ಕಣ್ಣಾರೆ ಕಂಡ ನೆನಪಿನಿಂದ ತರಬೇಕಾಗಿತ್ತು. ಅವರು ಮೈಸೂರಿನವರು, ದಸರೆಯನ್ನು ವರ್ಷವರ್ಷವೂ ನೋಡಿದವರು. ಫೋಟೋ ಅವರಿಗೆ ಸಾಕ್ಷಿಯಾಗಿತ್ತೇ ಹೊರತು ಕಣ್ಣಿಗೆ ಬದಲಿಯಾಗಿರಲಿಲ್ಲ. ಬರೆಸಿದವರು ಅರಮನೆಯವರೇ ಆದ್ದರಿಂದ ಕದ್ದುಮುಚ್ಚಿದ ಪ್ರಶ್ನೆಯೂ ಇಲ್ಲ. ಇಷ್ಟಾಗಿಯೂ ಒಂದು ಕೊರಗು ಉಳಿಯುತ್ತದೆ. ಕೇಶವಯ್ಯನವರ ಹೆಸರನ್ನಾದರೂ ಕಲಾಪ್ರಿಯರು ಬಲ್ಲರು. ಆ ಜನಜಂಗುಳಿಯಲ್ಲಿ ಮೂರುಕಾಲಿನ ಸ್ಟ್ಯಾಂಡು ಹೊತ್ತು ಫೋಟೋ ತೆಗೆದವನ ಹೆಸರನ್ನು ಗೈಡನ್ನು ಕೇಳುವ ಪ್ರವಾಸಿ ಒಬ್ಬನೂ ಇಲ್ಲ.

ಹೊಟ್ಟೆಪಾಡಿಗಾಗಿ ಫೋಟೋ ನೋಡಿ ಬರೆದವರ ಇನ್ನೊಂದು ಪರಂಪರೆ ಇದೆ, ಅದೂ ನಮ್ಮವರದೇ. ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿ ಮುಂಬಯಿಗೆ ಬಂದ ಎಸ್.ಎಂ. ಪಂಡಿತರು ಮೆಟ್ರೋ ಚಿತ್ರಮಂದಿರಕ್ಕೆ ಹಾಲಿವುಡ್ ಚಿತ್ರಗಳ ಷೋಕಾರ್ಡುಗಳನ್ನು ಬರೆದುಕೊಟ್ಟವರು. ಮುಂದೆ ಪೌರಾಣಿಕ ಚಿತ್ರಗಳಿಂದ, ಕ್ಯಾಲೆಂಡರುಗಳಿಂದ ದೇಶವೆಲ್ಲ ಮನೆಮಾತಾದರು. ಹಾಲಿವುಡ್ಡಿನ ನಟಿ ಮುಂಬಯಿಗೆ ಬಂದು ಎದುರು ಕೂರುವುದುಂಟೆ? ಸಿನಿಮಾದ ಸ್ಟಿಲ್ಲುಗಳನ್ನು ಮುಂದಿಟ್ಟುಕೊಂಡು ಬರೆಯುವುದೇ ಆ ವೃತ್ತಿಯ ಪದ್ಧತಿ. ಸ್ಟಿಲ್ಲು ಕೊಟ್ಟವರೂ ಬರೆಸಿದವರೂ ಸಿನಿಮಾದವರೇ. ಅಪ್ಪಣೆ ಕೆಲಸದೊಳಗೇ ಸೇರಿತ್ತು. ಈ ಅಪ್ಪಣೆಯ ಅಂಶವೇ ನಮ್ಮ ಹವ್ಯಾಸಿಗಳಲ್ಲಿ ಕಾಣೆಯಾಗಿರುವುದು.

“ಪಂಪ ವ್ಯಾಸರಿಂದ ತೆಗೆದುಕೊಳ್ಳಲಿಲ್ಲವೆ? ಹಾಗಾದರೆ ಅವನೂ ಕಳ್ಳನೆ?” ಎಂದು ವಾದಿಸುವ ಮಿತ್ರರಿದ್ದಾರೆ. ವಾದ ಚೆನ್ನಾಗಿದೆ, ಆದರೆ ಅದು ಅವರ ವಿರುದ್ಧವೇ ತಿರುಗುತ್ತದೆ. ಪಂಪ ತನ್ನ ಕಾವ್ಯದ ಮೊದಲಲ್ಲೇ ವ್ಯಾಸರ ಋಣವನ್ನು ಹೇಳಿಕೊಂಡು, ಅವರಿಗೆ ಸಮನೆಂಬ ಗರ್ವ ತನಗಿಲ್ಲವೆಂದು ಕೈಮುಗಿದೇ ಮುಂದುವರಿದವನು. ಬಿ.ಎಂ.ಶ್ರೀಯವರು 1926ರಲ್ಲಿ ಪರಭಾಷೆಯ ಕವಿತೆಗಳನ್ನು ಕನ್ನಡಕ್ಕೆ ತಂದಾಗ ಪುಸ್ತಕಕ್ಕಿಟ್ಟ ಹೆಸರೇ ‘ಇಂಗ್ಲಿಷ್ ಗೀತಗಳು’. ಮೂಲ ಯಾವುದೆಂದು ಮುಖಪುಟವೇ ಸಾರುತ್ತದೆ. ಅಷ್ಟು ಹೇಳಿದ್ದರಿಂದ ಅವರ ಸ್ವಂತಿಕೆಗೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ನವೋದಯದ ಕಾವ್ಯಭಾಷೆಗೆ ದಾರಿ ತೆರೆದದ್ದು ಅದೇ ಪುಸ್ತಕ. ಸಾಹಿತ್ಯದಲ್ಲಿ ಇಷ್ಟು ಮರ್ಯಾದೆ ಬಲ್ಲ ನಾವು ಚಿತ್ರದ ವಿಷಯದಲ್ಲಿ ಅದನ್ನು ಹೇಗೆ ಮರೆತೆವು ಎಂಬುದು ನನಗೆ ಬಗೆಹರಿಯದ ಸಂಗತಿ.

ಮರೆತದ್ದಕ್ಕೆ ಪುರಾವೆ ನಮ್ಮ ಸಂಘಗಳ ಗೋಡೆಗಳ ಮೇಲೇ ಇದೆ. ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ, ಸೊಲ್ಲಾಪುರದಲ್ಲಿ ಪಾಠ ಹೇಳಿದ ಬೇಂದ್ರೆಯವರ ಮುಖವನ್ನು ಪ್ರತ್ಯಕ್ಷ ನೋಡಿದವರು ಈಗ ಎಷ್ಟು ಜನ ಉಳಿದಿದ್ದಾರೆ? ಉಳಿದವರಿಗೆಲ್ಲ ಬೇಂದ್ರೆಯೆಂದರೆ ಕೆಲವೇ ಕೆಲವು ಛಾಯಾಚಿತ್ರಗಳಲ್ಲಿ ಕಂಡ ಬೇಂದ್ರೆ. ಆ ಮುಖಭಾವವನ್ನು ಹಿಡಿದವನು ಒಬ್ಬ ಮನುಷ್ಯ. ಯಾವಾಗ ಗುಂಡಿ ಒತ್ತಬೇಕೆಂದು ತಿಳಿದಿದ್ದವನು. ಕೆ.ಜಿ. ಸೋಮಶೇಖರ್, ಎ.ಎನ್. ಮುಕುಂದ ಇಂಥವರು ಕನ್ನಡ ಲೇಖಕರ ಮುಖಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ತೆಗೆದಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ ದೇಶವಿದೇಶದ ಪತ್ರಿಕೆಗಳಲ್ಲಿ ಹೆಸರು ಮಾಡಿದವರು. ಸಾಹಿತಿಯ ಚಿತ್ರ ಬರೆದ ನಮ್ಮವರು ಅಡಿಯಲ್ಲಿ ಸಾಹಿತಿಯ ಹೆಸರು ಬರೆಯುತ್ತಾರೆ, ತಮ್ಮ ಹೆಸರು ಬರೆಯುತ್ತಾರೆ. ಚೌಕಟ್ಟಿನ ಹಿಂಬದಿಗೆ ಕಟ್ಟು ಹಾಕಿದ ಅಂಗಡಿಯವನ ಚೀಟಿಯೂ ಅಂಟಿರುತ್ತದೆ. ಫೋಟೋ ತೆಗೆದವನೊಬ್ಬನಿಗೆ ಮಾತ್ರ ಜಾಗವಿಲ್ಲ!

ಕಾನೂನು ಈಗ ಅವನಿಗೆ ಮೊದಲಿಗಿಂತ ಹೆಚ್ಚು ಜಾಗ ಕೊಟ್ಟಿದೆ. ಮೊದಲು ಛಾಯಾಚಿತ್ರದ ಸ್ವಾಮ್ಯವನ್ನು ಪ್ರಕಟವಾದ ವರ್ಷದಿಂದ ಎಣಿಸುತ್ತಿದ್ದರು: ಮೂಲ ಕಾಯಿದೆಯಲ್ಲಿ 50 ವರ್ಷ, ಆಮೇಲೆ 60. 2012ರ ತಿದ್ದುಪಡಿ ಆ ಪ್ರತ್ಯೇಕ ಲೆಕ್ಕವನ್ನು ತೆಗೆದುಹಾಕಿ, ಕವಿಗೂ ಚಿತ್ರಕಾರನಿಗೂ ಇರುವಂತೆ ಛಾಯಾಗ್ರಾಹಕನಿಗೂ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಎಂದು ಮಾಡಿತು. ಆ ಹೊತ್ತಿಗಾಗಲೇ ಅವಧಿ ಮುಗಿದುಹೋಗಿದ್ದ ಹಳೆಯ ಫೋಟೋಗಳಿಗೆ ಇದರಿಂದ ಮರುಜೀವ ಬರುವುದಿಲ್ಲ. ಸತ್ಯನ್ ತೀರಿಕೊಂಡದ್ದು 2009ರಲ್ಲಿ. ಹೊಸ ಲೆಕ್ಕ ಅನ್ವಯಿಸುವ ಅವರ ಚಿತ್ರಗಳ ಸ್ವಾಮ್ಯ 2069ರ ಕೊನೆಯವರೆಗೆ ನಡೆಯುತ್ತದೆ. ಸ್ವಾಮ್ಯ ಬೇರೆಯವರ ಕೈಗೆ ಹೋದರೂ ‘ಇದು ನನ್ನದು’ ಎಂದು ಹೇಳಿಕೊಳ್ಳುವ ಹಕ್ಕು ತೆಗೆದವನಲ್ಲೇ ಉಳಿಯುತ್ತದೆ ಎಂದು 57ನೆಯ ಕಲಮು ಹೇಳುತ್ತದೆ. ಗೃಹಸ್ಥರಿಗೆ ಉಪಯೋಗವಾಗುವ ಇನ್ನೊಂದು ಮಾತು: ನೀವು ಹಣ ಕೊಟ್ಟು ತೆಗೆಸಿದ ಮದುವೆಯ ಫೋಟೋ, ಬೇರೆ ಕರಾರಿಲ್ಲದಿದ್ದರೆ, ಸ್ವಾಮ್ಯದ ದೃಷ್ಟಿಯಿಂದ ನಿಮ್ಮದೇ, ಸ್ಟುಡಿಯೋದವರದಲ್ಲ. ಅಜ್ಜಿಯ ಹಳೆಯ ಫೋಟೋ ನೋಡಿ ಮಗಳು ಚಿತ್ರ ಬರೆದರೆ ಯಾರೂ ಬಂದು ಕೇಳುವುದಿಲ್ಲ. ಕೈ ಪಳಗಿಸಿಕೊಳ್ಳಲು ಮನೆಯಲ್ಲಿ ಯಾವ ಫೋಟೋ ನೋಡಿ ಬರೆದರೂ ತಂಟೆಯಿಲ್ಲ. ತಂಟೆ ಶುರುವಾಗುವುದು ಅದನ್ನು ಮಾರಿದಾಗ, ಕ್ಯಾಲೆಂಡರಿಗೆ ಹಾಕಿದಾಗ, ಸ್ಮರಣ ಸಂಚಿಕೆಯ ಮುಖಪುಟವಾಗಿ ಅಚ್ಚು ಹಾಕಿಸಿದಾಗ.

ಈ ತಂಟೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅಮೆರಿಕೆಯ ಒಂದು ಪ್ರಸಂಗ ಇದೆ. ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ಪ್ರಿನ್ಸ್ ಎಂಬ ಹಾಡುಗಾರನ ಫೋಟೋ ತೆಗೆದರು. 1984ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ, ಒಂದೇ ಬಾರಿಯ ಚಿತ್ರಕ್ಕೆ ಆಧಾರವಾಗಿ ಬಳಸಲು 400 ಡಾಲರು ಕೊಟ್ಟು ಆ ಫೋಟೋ ಪಡೆಯಿತು. ಚಿತ್ರ ಬರೆಯಲು ನೇಮಿಸಿದ್ದು ಜಗತ್ಪ್ರಸಿದ್ಧ ಆಂಡಿ ವಾರ್ಹಾಲ್‌ರನ್ನು. ಅವರು ಒಂದರ ಬದಲು ಹದಿನಾರು ಮಾಡಿಟ್ಟರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಪತ್ರಿಕೆಯ ಒಡೆಯ ಸಂಸ್ಥೆ ಆ ಪೈಕಿ ಇನ್ನೊಂದನ್ನು ಮುಖಪುಟಕ್ಕೆ ಹಾಕಿ ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರು ಕೊಟ್ಟಿತು. ಗೋಲ್ಡ್‌ಸ್ಮಿತ್‌ಗೆ ಕಾಸೂ ಇಲ್ಲ, ಹೆಸರೂ ಇಲ್ಲ. ವ್ಯಾಜ್ಯ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2023ರ ಮೇ ತಿಂಗಳಲ್ಲಿ ಏಳು ನ್ಯಾಯಮೂರ್ತಿಗಳು ಆಕೆಯ ಕಡೆ, ಇಬ್ಬರು ಎದುರು ಕಡೆ. ಪತ್ರಿಕೆಗೆ ಹಾಡುಗಾರನ ಮುಖ ಒದಗಿಸುವ ಕೆಲಸವನ್ನೇ ಫೋಟೋವೂ ಮಾಡುತ್ತದೆ, ಈ ಚಿತ್ರವೂ ಮಾಡುತ್ತಿದೆ. ಬಣ್ಣ ಬದಲಾಯಿತೆಂದು ಹಕ್ಕು ಹೋಗದು ಎಂಬುದು ಬಹುಮತದ ಸಾರ. ಭಿನ್ನಮತದವರು, ಹೀಗಾದರೆ ಕಲೆ ಬೆಳೆಯುವುದೆಂತು, ಹಿಂದಿನವರಿಂದ ಎತ್ತಿಕೊಳ್ಳದ ಕಲಾವಿದ ಯಾರು ಎಂದು ಬಲವಾಗಿಯೇ ಕೇಳಿದರು. ಕಾನೂನು ಬೇರೆ ದೇಶದ್ದು, ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನನಗೆ ಬಹುಮತದ ಕಡೆಯೇ ನ್ಯಾಯ ಕಾಣುತ್ತದೆ. ವಾರ್ಹಾಲ್ ದೊಡ್ಡವರು ಎಂಬುದು ಗೋಲ್ಡ್‌ಸ್ಮಿತ್‌ರ ಕೂಲಿಯನ್ನು ತಪ್ಪಿಸಲು ಕಾರಣವಾಗಕೂಡದು.

ಕಾಸರಗೋಡಿನ ಕುಂಬಳೆಯ ಯುವಕ ಕರಣ್ ಆಚಾರ್ಯ ಈ ನಾಣ್ಯದ ಎರಡು ಮುಖಗಳನ್ನೂ ಕಂಡವರು. 2015ರಲ್ಲಿ ತಮ್ಮೂರಿನ ಗೆಳೆಯರ ಬಾವುಟಕ್ಕೆಂದು ಅವರು ಬರೆದ ಕೇಸರಿ-ಕಪ್ಪಿನ ಹನುಮಂತನ ಮುಖ ದೇಶದ ಕಾರುಗಳ ಹಿಂಬದಿಯ ಗಾಜನ್ನೆಲ್ಲ ಏರಿ ಕುಳಿತಿತು. ಅಂಟಿಸಿದವರಲ್ಲಿ ಬರೆದವರ ಹೆಸರು ಬಲ್ಲವರು ವಿರಳ. ಅದೇ ಕಲಾವಿದರು ಜನ ತಾವಾಗಿ ಕಳಿಸಿಕೊಟ್ಟ ಮನೆಯ ಫೋಟೋಗಳಿಂದ ಹೊಸ ಚಿತ್ರಗಳನ್ನು ಕಟ್ಟಿಕೊಡುತ್ತಾರೆ. ತೀರಿಹೋದ ತಂದೆಯನ್ನೋ ತಾಯಿಯನ್ನೋ ಮಕ್ಕಳ ಪಕ್ಕ ನಿಲ್ಲಿಸಿಕೊಡುತ್ತಾರೆ. ಎಂದೂ ನಡೆಯದ ಒಂದು ಗಳಿಗೆಯನ್ನು ನಡೆದ ಫೋಟೋಗಳಿಂದ ಹುಟ್ಟಿಸುವುದಕ್ಕೆ ಸ್ವಂತಿಕೆ ಎನ್ನದೆ ಇನ್ನೇನೆನ್ನಬೇಕು? ಇದರ ಮುಂದೆ, 2025ರ ಮಾರ್ಚಿನಲ್ಲಿ ಎಲ್ಲರೂ ತಂತಮ್ಮ ಫೋಟೋಗಳನ್ನು ಯಂತ್ರಕ್ಕೆ ತಿನ್ನಿಸಿ ಜಪಾನಿನ ಗಿಬ್ಲಿ ಸ್ಟುಡಿಯೋದ ಶೈಲಿಯ ಬೊಂಬೆಗಳಾಗಿ ಹೊರತೆಗೆದ ಗದ್ದಲ ನನಗೆ ತೀರ ಪೊಳ್ಳಾಗಿ ಕಂಡಿತು. ಫೋಟೋ ಸ್ವಂತದ್ದು, ಸರಿ. ನೋಟ ಮಾತ್ರ ಮತ್ತೊಬ್ಬರು ಜೀವಮಾನವೆಲ್ಲ ತೇಯ್ದು ಕಂಡುಕೊಂಡದ್ದು.

ನಮ್ಮ ಕಿಸೆಯ ನೋಟಿನ ಗಾಂಧೀಜಿಯ ನಗುಮುಖ ಕೂಡ ಒಂದು ಫೋಟೋದಿಂದ ಬಂದದ್ದೇ. 1946ರಲ್ಲಿ ದೆಹಲಿಯಲ್ಲಿ ಬ್ರಿಟಿಷ್ ಮಂತ್ರಿ ಪೆಥಿಕ್-ಲಾರೆನ್ಸರ ಜೊತೆ ನಿಂತಾಗ ತೆಗೆದದ್ದು. 1996ರಿಂದ ಮೈಸೂರಿನ ಮುದ್ರಣಾಲಯವೂ ಸೇರಿ ಎಷ್ಟು ಕೋಟಿ ಸಲ ಅದನ್ನು ಅಚ್ಚು ಹಾಕಿದೆಯೋ! ತೆಗೆದವನ ಹೆಸರು ಇಂದಿಗೂ ಯಾರಿಗೂ ಗೊತ್ತಿಲ್ಲ.

ಮಕ್ಕಳ ಸ್ಪರ್ಧೆಗಳ ವಿಷಯದಲ್ಲಿ ಕಟುವಾಗುವುದು ಬೇಡ. ಹತ್ತು ವರ್ಷದ ಹುಡುಗ ವಿವೇಕಾನಂದರ ಕೈಕಟ್ಟಿದ ಭಂಗಿಯನ್ನು ನೋಡಿ ಬರೆದರೆ ಅದು ಅಕ್ಷರ ತಿದ್ದಿದ ಹಾಗೆ. ಆ ಫೋಟೋದ ಸ್ವಾಮ್ಯ ಯಾವತ್ತೋ ಮುಗಿದಿದೆ. 1893ರಲ್ಲಿ ಷಿಕಾಗೋದಲ್ಲಿ ಅದನ್ನು ತೆಗೆದವನು ಥಾಮಸ್ ಹ್ಯಾರಿಸನ್ ಎಂದು ಚಿತ್ರದ ಕೆಳಗೆ ಬರೆಸಿದರೆ ಹುಡುಗನಿಗೆ ಒಂದು ಹೊಸ ವಿಷಯ ತಿಳಿದಂತಾಗುತ್ತದೆ. ದೊಡ್ಡವರ ವಿಭಾಗದಲ್ಲಿ ಮಾತ್ರ ತೀರ್ಪುಗಾರರು ಆಧಾರದ ಫೋಟೋವನ್ನೂ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡಬೇಕು. ಫೋಟೋ ತಾವೇ ತೆಗೆದದ್ದಾದರೆ ಅಂಕ ಹೆಚ್ಚು. ಬೇರೆಯವರದಾದರೆ ಹೆಸರು ಮತ್ತು ಒಪ್ಪಿಗೆಯ ಎರಡು ಸಾಲಿನ ಪತ್ರ ಇರಲಿ. ಎಲ್ಲಿಂದಲೋ ಸಿಕ್ಕಿತು ಎಂಬ ಉತ್ತರಕ್ಕೆ ಬಹುಮಾನ ಬೇಡ. ಭೋರಿನ ಚಿತ್ರ ಬರೆಯುವವರಿಗಂತೂ ಈ ತಾಪತ್ರಯವೇ ಇಲ್ಲ. ಸ್ವಾರಗೇಟಿನಿಂದ ಎಸ್.ಟಿ. ಬಸ್ಸು ಇದೆ, ಬೆಳಿಗ್ಗೆ ಹೊರಟರೆ ಬಿಸಿಲೇರುವ ಮೊದಲು ವಾಡೆಯ ಮುಂದಿರಬಹುದು.